ಹೊಸ ಕಲ್ಲುಹಾಸಿನ ಮೇಲೆ ಕಲೆ ಮೂಡಿದಾಗ

ಪಂಚಾಯಿತಿ ಕಚೇರಿಯ ಅಂಗಳಕ್ಕೋ, ದೇವಸ್ಥಾನದ ಮುಂದಿನ ಬಯಲಿಗೋ, ಸಂತೆಕಟ್ಟೆಯ ಸುತ್ತಲೋ ಹೊಸದಾಗಿ ಕಲ್ಲು ಹಾಸಿ ಮೂರು ವಾರವೂ ಕಳೆದಿರುವುದಿಲ್ಲ. ಹಾಸಿದ ದಿನ ಒಂದೇ ಬಣ್ಣದಲ್ಲಿ ಶುಭ್ರವಾಗಿದ್ದ ಕಲ್ಲಿನ ಮೇಲೆ ಒಂದು ಬೆಳಿಗ್ಗೆ ಬಿಳಿಯ ಪುಡಿ, ಮತ್ತೊಂದೆಡೆ ಕಂದು ಚುಕ್ಕೆ, ಅಂಚುಗಳಲ್ಲಿ ಒಣಗದೆ ಉಳಿದ ಕಪ್ಪು ಪಟ್ಟಿ ಕಾಣಿಸಿಕೊಳ್ಳುತ್ತದೆ. ಕಾಮಗಾರಿ ಕಳಪೆಯಾಯಿತೆಂಬ ಮಾತು ಓಣಿಯಿಂದ ಓಣಿಗೆ ಹರಡುತ್ತದೆ. ಗುತ್ತಿಗೆದಾರನು ಕಲ್ಲು ಸರಬರಾಜು ಮಾಡಿದವನನ್ನು ದೂರುತ್ತಾನೆ, ಅವನು ಗಾರೆ ಕೆಲಸದವನನ್ನು ದೂರುತ್ತಾನೆ, ಗಾರೆ ಕೆಲಸದವನು ಕೊಳವೆಬಾವಿಯ ನೀರಿನತ್ತ ಬೆರಳು ತೋರಿಸುತ್ತಾನೆ. ಈ ಗದ್ದಲದ ನಡುವೆ ಯಾರೋ ಒಬ್ಬರು ಅಂಗಡಿಯಿಂದ ಆ್ಯಸಿಡ್ ತರಿಸುತ್ತಾರೆ. ತಾನಾಗಿಯೇ ಹೋಗಬಹುದಾಗಿದ್ದ ಕಲೆಯು ಎಂದಿಗೂ ಹೋಗದ ಹಾನಿಯಾಗಿ ಮಾರ್ಪಡುವುದು ಬಹುಮಟ್ಟಿಗೆ ಈ ಘಳಿಗೆಯಲ್ಲಿಯೇ.

ಆದುದರಿಂದ ಕಲೆ ಕಂಡ ಕೂಡಲೇ ಸದಸ್ಯರು ಮಾಡಬೇಕಾದ ಮೊದಲ ಕೆಲಸವೆಂದರೆ, ಕಲ್ಲಿನ ಮೇಲೆ ಯಾರೂ ಏನನ್ನೂ ಸುರಿಯದಂತೆ ನೋಡಿಕೊಳ್ಳುವುದು. ಎರಡನೆಯದು, ಹಗಲು ಬೆಳಕಿನಲ್ಲಿ ಕಲೆಯ ಛಾಯಾಚಿತ್ರ ತೆಗೆದು ದಿನಾಂಕ ಬರೆದಿಡುವುದು. ಕಾರಣ ತಿಳಿದ ಮೇಲೆಯೇ ಉಪಾಯದ ಮಾತು.

ಕಲ್ಲು ಯಾವುದು?

ಕಲೆಗಿಂತ ಮೊದಲು ಕಲ್ಲಿನ ಜಾತಿಯನ್ನು ಅರಿಯಬೇಕು. ನಮ್ಮ ರಾಜ್ಯದ ಗ್ರಾಮೀಣ ಕಾಮಗಾರಿಗಳಲ್ಲಿ ಬಳಕೆಯಾಗುವ ಹಾಸುಗಲ್ಲುಗಳನ್ನು ಮುಖ್ಯವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಒಂದು ಸುಣ್ಣಕಲ್ಲು. ಕಲಬುರಗಿ ಸೀಮೆಯ ಶಹಾಬಾದ್ ಕಲ್ಲು, ನೆರೆಯ ತೆಲಂಗಾಣದ ತಾಂಡೂರು ಕಲ್ಲು, ಆಂಧ್ರದ ಕಪ್ಪು ಕಡಪ ಕಲ್ಲು, ರಾಜಸ್ಥಾನದಿಂದ ಬರುವ ಕೋಟಾ ಕಲ್ಲು, ಇವೆಲ್ಲವೂ ಈ ಬಗೆಗೆ ಸೇರಿದವು. ಉತ್ತರ ಕರ್ನಾಟಕದಲ್ಲಿ ಫರಸಿ ಎಂದು ಕರೆಯುವುದು ಸಾಮಾನ್ಯವಾಗಿ ಇದನ್ನೇ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳು ಅರೆದು ಸುಡುವುದೂ ಆ ನೆಲದ ಸುಣ್ಣಕಲ್ಲನ್ನೇ ಎಂಬುದನ್ನು ನೆನೆದರೆ ಈ ಕಲ್ಲಿನ ಸ್ವಭಾವ ಅರ್ಥವಾಗುತ್ತದೆ. ಇನ್ನೊಂದು ಗ್ರಾನೈಟ್. ಇಳಕಲ್ಲಿನ ಕೆಂಪು ಕಲ್ಲು, ದೇವನಹಳ್ಳಿ ಕಡೆಯ ಸಾದರಹಳ್ಳಿಯ ಬೂದು ಕಲ್ಲು, ಚಾಮರಾಜನಗರದ ಕಪ್ಪು ಕಲ್ಲು ವ್ಯಾಪಾರದಲ್ಲಿ ಈ ಹೆಸರಿನಿಂದ ಬರುತ್ತವೆ.

ಇವೆರಡನ್ನೂ ಬೇರ್ಪಡಿಸಿ ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಹಾಸಿ ಉಳಿದ ಒಂದು ತುಂಡಿನ ಮೇಲೆ ನಿಂಬೆಹುಳಿಯ ನಾಲ್ಕು ಹನಿ ಹಿಂಡಿ, ಹತ್ತು ನಿಮಿಷದ ನಂತರ ಒರೆಸಿ ನೋಡಬೇಕು. ಹುಳಿ ಬಿದ್ದ ಜಾಗದಲ್ಲಿ ಹೊಳಪು ಹೋಗಿ ಮಂಕಾದ ಗುರುತು ಉಳಿದರೆ ಅದು ಸುಣ್ಣಕಲ್ಲು. ಗ್ರಾನೈಟಿನಲ್ಲಿ ಅಂತಹ ಗುರುತು ಉಳಿಯುವುದಿಲ್ಲ. ಈ ಪರೀಕ್ಷೆಯನ್ನು ಹಾಸಿದ ಕಲ್ಲಿನ ಮೇಲೆ ಮಾಡಬಾರದು.

ನಿಂಬೆಹುಳಿಯೇ ಗುರುತು ಬಿಡುವ ಕಲ್ಲಿನ ಮೇಲೆ ಅಂಗಡಿಯ ಆ್ಯಸಿಡ್ ಏನು ಮಾಡೀತೆಂಬುದನ್ನು ವಿವರಿಸಬೇಕಾಗಿಲ್ಲ. ಶೌಚಾಲಯ ತೊಳೆಯಲು ಬಳಸುವ ಹೈಡ್ರೋಕ್ಲೋರಿಕ್ ಆಮ್ಲವು ಸುಣ್ಣಕಲ್ಲನ್ನು ಮುಟ್ಟಿದೊಡನೆ ನೊರೆ ಏಳುತ್ತದೆ. ಕೊಳೆ ಕಳಚುತ್ತಿದೆ ಎಂದು ನೋಡುವವರು ಭಾವಿಸುತ್ತಾರೆ. ವಾಸ್ತವದಲ್ಲಿ ಕರಗುತ್ತಿರುವುದು ಕಲ್ಲೇ. ನಯವಾದ ಮೇಲ್ಮೈ ಹೋಗಿ ಕಲ್ಲು ಒರಟಾಗುತ್ತದೆ, ಮುಂದೆ ಪ್ರತಿಯೊಂದು ಕೊಳೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಈ ಕ್ರಿಯೆಯಲ್ಲಿ ಹುಟ್ಟುವ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಲವಣವು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಚೆನ್ನಾಗಿ ತೊಳೆಯದಿದ್ದರೆ ತಿಂಗಳುಗಟ್ಟಲೆ ಒಣಗದ ಕಪ್ಪು ಮಚ್ಚೆಗಳು ಅದರಿಂದ ಉಳಿಯುತ್ತವೆ. ಗ್ರಾನೈಟ್ ಕರಗುವುದಿಲ್ಲವಾದರೂ ಅದರೊಳಗಿನ ಕಬ್ಬಿಣದ ಅಂಶವನ್ನು ಆಮ್ಲವು ಕೆದಕಿ ಹೊರತರುವುದರಿಂದ, ಬಿಳಿ ಕಲೆ ತೆಗೆಯಲು ಹೋಗಿ ಹಳದಿ ಕಲೆ ತಂದುಕೊಂಡಂತಾಗುತ್ತದೆ.

ಇಲ್ಲಿ ಇನ್ನೊಂದು ಅಪಾಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಪಂಚಾಯಿತಿಯ ದಾಸ್ತಾನಿನಲ್ಲಿ ಕುಡಿಯುವ ನೀರಿನ ಟ್ಯಾಂಕಿಗೆಂದು ತಂದ ಬ್ಲೀಚಿಂಗ್ ಪೌಡರ್ ಸದಾ ಇರುತ್ತದೆ. ಆ್ಯಸಿಡ್‌ನಿಂದ ಕಲೆ ಹೋಗಲಿಲ್ಲವೆಂದು ಅದೇ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಎರಚಿದರೆ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ. ಬಗ್ಗಿ ಕುಳಿತು ಉಜ್ಜುತ್ತಿರುವ ಸ್ವಚ್ಛತಾ ಸಿಬ್ಬಂದಿಯ ಶ್ವಾಸಕೋಶಕ್ಕೆ ಅದು ನೇರವಾಗಿ ತಗಲುತ್ತದೆ. ಇವೆರಡನ್ನೂ ಯಾವ ಸಂದರ್ಭದಲ್ಲಿಯೂ, ಯಾವ ಪ್ರಮಾಣದಲ್ಲಿಯೂ ಒಟ್ಟಿಗೆ ಬಳಸತಕ್ಕದ್ದಲ್ಲ. ಕಲ್ಲು ಕೆಟ್ಟರೆ ಬದಲಾಯಿಸಬಹುದು.

ಬಿಳಿಯ ಪುಡಿ

ಹೊಸ ಕಲ್ಲುಹಾಸಿನ ಬಗ್ಗೆ ಬರುವ ದೂರುಗಳಲ್ಲಿ ಸಾಮಾನ್ಯವಾದದ್ದು ಬಿಳಿ ಕಲೆ. ಗೋಡೆ ಉಪ್ಪು ಬಿಟ್ಟಿದೆ ಎಂದು ಹಳ್ಳಿಗಳಲ್ಲಿ ಹೇಳುವುದುಂಟು. ನೆಲದಲ್ಲಿ ಆಗುವುದೂ ಅದೇ. ಸಿಮೆಂಟ್ ನೀರಿನೊಡನೆ ಸೇರಿ ಗಟ್ಟಿಯಾಗುವಾಗ ಅದರಿಂದ ಸುಣ್ಣ ಬಿಡುಗಡೆಯಾಗುತ್ತದೆ. ಗಾರೆಯಲ್ಲಿ ಉಳಿದ ನೀರು ಈ ಸುಣ್ಣವನ್ನು ಕರಗಿಸಿಕೊಂಡು ಸಂದುಗಳ ಮೂಲಕ, ಕಲ್ಲಿನ ಸೂಕ್ಷ್ಮ ರಂಧ್ರಗಳ ಮೂಲಕ ಮೇಲಕ್ಕೆ ಬರುತ್ತದೆ. ನೀರು ಬಿಸಿಲಿಗೆ ಆವಿಯಾಗುತ್ತದೆ, ಸುಣ್ಣ ಮೇಲೆ ಉಳಿದು ಗಾಳಿಯ ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಬಿಳಿಯ ಪದರವಾಗುತ್ತದೆ. ಮರಳಿನಲ್ಲಿ, ನೀರಿನಲ್ಲಿ ಅಥವಾ ಕೆಳಗಿನ ಮಣ್ಣಿನಲ್ಲಿ ಉಪ್ಪಿದ್ದರೆ ಅದೂ ಇದೇ ದಾರಿಯಲ್ಲಿ ಮೇಲೇರುತ್ತದೆ. ಸವುಳು ಭೂಮಿಯ ಊರುಗಳಲ್ಲಿ, ನೀರಾವರಿಯಿಂದ ಅಂತರ್ಜಲ ಮೇಲೆ ಬಂದಿರುವ ಪ್ರದೇಶಗಳಲ್ಲಿ ಇದು ಹೆಚ್ಚು.

ಇದನ್ನು ಗುರುತಿಸುವುದು ಸುಲಭ. ಕಲೆಯ ಮೇಲೆ ಒಂದು ಲೋಟ ನೀರು ಹಾಕಿದರೆ ಅದು ಕಣ್ಮರೆಯಾಗುತ್ತದೆ, ಒಣಗಿದ ಮೇಲೆ ಮತ್ತೆ ಮೂಡುತ್ತದೆ. ಬೆರಳಿನಿಂದ ಒರೆಸಿದರೆ ಪುಡಿಯಾಗಿ ಬಂದರೆ ಕರಗುವ ಉಪ್ಪು. ಉಗುರಿನಿಂದ ಕೆರೆದರೂ ಬಾರದೆ ಅಂಟಿಕೊಂಡಿದ್ದರೆ ಗಟ್ಟಿಯಾದ ಸುಣ್ಣದ ಪದರ, ಇಲ್ಲವೇ ಸಂದು ತುಂಬುವಾಗ ಒರೆಸದೆ ಬಿಟ್ಟ ಸಿಮೆಂಟ್ ಬಗ್ಗಡ. ಬಗ್ಗಡದ ಕಲೆಯನ್ನು ಅದರ ಆಕಾರವೇ ಹೇಳುತ್ತದೆ: ಬಟ್ಟೆಯಿಂದ ಒರೆಸಿದ ಅರ್ಧಚಂದ್ರಾಕಾರದ ಗೆರೆಗಳು ಅದರಲ್ಲಿ ಕಾಣುತ್ತವೆ.

ಪುಡಿಯಾಗಿ ಬರುವ ಉಪ್ಪಿಗೆ ಮದ್ದು ಒಣ ಪೊರಕೆ. ಕಲ್ಲು ಪೂರ್ತಿ ಒಣಗಿದ ಮಧ್ಯಾಹ್ನದ ಹೊತ್ತಿನಲ್ಲಿ ಗಟ್ಟಿ ನಾರಿನ ಬ್ರಷ್ಷಿನಿಂದ ಉಜ್ಜಿ, ಬಂದ ಪುಡಿಯನ್ನು ಗುಡಿಸಿ ತೆಗೆದು ಹೊರಹಾಕಬೇಕು. ತಂತಿಯ ಬ್ರಷ್ಷನ್ನು ಬಳಸಬಾರದು. ಅದರ ಎಳೆಗಳು ಕಲ್ಲಿನಲ್ಲಿ ಸಿಕ್ಕಿ ತುಕ್ಕು ಹಿಡಿಯುತ್ತವೆ. ಹೆಚ್ಚಿನವರು ಮಾಡುವಂತೆ ಮೊದಲೇ ನೀರು ಸುರಿದು ತೊಳೆದರೆ ಉಪ್ಪು ಕರಗಿ ಮರಳಿ ಕಲ್ಲಿನೊಳಕ್ಕೆ ಇಳಿಯುತ್ತದೆ, ನಾಲ್ಕು ದಿನಗಳ ನಂತರ ಮತ್ತೆ ಮೇಲೆ ಬರುತ್ತದೆ. ನಿತ್ಯವೂ ತೊಳೆಯುತ್ತಿದ್ದರೂ ಕಲೆ ಹೋಗುತ್ತಿಲ್ಲವೆಂಬ ದೂರಿಗೆ ನಿತ್ಯ ತೊಳೆಯುವುದೇ ಕಾರಣವಾಗಿರುವುದುಂಟು.

ಒಣಗಿಸಿ ಗುಡಿಸುವ ಈ ಕ್ರಮವನ್ನು ಕೆಲವು ವಾರ ಮುಂದುವರಿಸಿದರೆ ಗಾರೆಯಲ್ಲಿನ ಉಪ್ಪು ಕ್ರಮೇಣ ಮುಗಿಯುತ್ತದೆ. ಸುಣ್ಣದ ತೆಳು ಪದರವು ಮಳೆಗಾಲವೊಂದು ಕಳೆಯುವುದರೊಳಗೆ ಬಹುಪಾಲು ತೊಳೆದುಹೋಗುವುದು ಸಾಮಾನ್ಯ, ಏಕೆಂದರೆ ಮಳೆನೀರು ತುಸು ಆಮ್ಲೀಯವಾದುದು. ಈ ಕಾಯುವ ಅವಧಿಯಲ್ಲಿ ಗುತ್ತಿಗೆದಾರನು ಹೊಳಪು ಬರುವ ಸೀಲರ್ ಬಳಿದುಕೊಡುವುದಾಗಿ ಹೇಳಿದರೆ ಒಪ್ಪಬಾರದು. ಮೇಲ್ಮೈ ಮುಚ್ಚಿದರೆ ಉಪ್ಪುನೀರು ಕಲ್ಲಿನೊಳಗೇ ಸಿಕ್ಕಿಕೊಂಡು, ಅಲ್ಲಿಯೇ ಹರಳುಗಟ್ಟಿ, ಪದರ ಪದರವಾಗಿ ಕಲ್ಲನ್ನು ಏಳಿಸುತ್ತದೆ. ಶಹಾಬಾದ್ ಕಲ್ಲು ಮೊದಲೇ ಪದರಗಳಿಂದ ಕೂಡಿದ್ದು ಎಂಬುದು ನೆನಪಿರಲಿ.

ಒಂದು ಮಳೆಗಾಲ ಕಳೆದ ಮೇಲೂ ಅದೇ ಪ್ರಮಾಣದಲ್ಲಿ ಉಪ್ಪು ಬರುತ್ತಿದ್ದರೆ ಮೂಲವು ಗಾರೆಯಲ್ಲಿಲ್ಲ, ಕೆಳಗಿನ ನೆಲದಲ್ಲಿ ಅಥವಾ ಹತ್ತಿರದ ಸೋರುವ ಕೊಳಾಯಿಯಲ್ಲಿ ಇದೆ ಎಂದು ತಿಳಿಯಬೇಕು.

ಒಣಗದ ಕಪ್ಪು

ಕೆಲವು ಕಲ್ಲುಗಳ ಅಂಚು ಮಾತ್ರ ಚಿತ್ರದ ಚೌಕಟ್ಟಿನಂತೆ ಕಪ್ಪಾಗಿರುತ್ತದೆ. ಸಂದಿನ ಗಾರೆಯ ತೇವವನ್ನು ಅಂಚು ಹೀರಿಕೊಂಡಿದೆ ಎಂದರ್ಥ. ಸಾಮಾನ್ಯವಾಗಿ ಇದು ನಿಧಾನವಾಗಿ ಒಣಗುತ್ತದೆ. ಆದರೆ ಕಲ್ಲಿನ ನಡುವೆ ನಾಲ್ಕೈದು ದುಂಡು ಮಚ್ಚೆಗಳು ಒಂದೇ ಅಂತರದಲ್ಲಿ ಕಾಣಿಸಿದರೆ ವಿಷಯ ಬೇರೆ. ಗಾರೆಯನ್ನು ಇಡೀ ತಳಕ್ಕೆ ಹರಡದೆ, ಗುಡ್ಡೆ ಗುಡ್ಡೆಯಾಗಿಟ್ಟು ಅದರ ಮೇಲೆ ಕಲ್ಲು ಕೂರಿಸಿದಾಗ, ಗುಡ್ಡೆ ಇರುವಲ್ಲಿ ಒಂದು ಬಣ್ಣ, ಟೊಳ್ಳು ಇರುವಲ್ಲಿ ಇನ್ನೊಂದು ಬಣ್ಣ ಮೇಲೆ ಮೂಡುತ್ತದೆ. ಮರದ ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಶಬ್ದವೇ ವ್ಯತ್ಯಾಸವನ್ನು ತಿಳಿಸುತ್ತದೆ. ಇದು ತೊಳೆದು ಹೋಗುವ ಕಲೆಯಲ್ಲ, ಕೆಲಸದ ದೋಷ. ಟೊಳ್ಳಿನಲ್ಲಿ ನೀರು ನಿಲ್ಲುತ್ತದೆ, ಟ್ರ್ಯಾಕ್ಟರಿನ ಚಕ್ರ ಹತ್ತಿದ ದಿನ ಕಲ್ಲು ಒಡೆಯುತ್ತದೆ. ಅಂತಹ ಕಲ್ಲುಗಳನ್ನು ಕಿತ್ತು, ಪೂರ್ಣ ಗಾರೆಯ ತಳದ ಮೇಲೆ ಮತ್ತೆ ಹಾಸಿಸುವುದೊಂದೇ ಮಾರ್ಗ.

ತೇವವು ಮೇಲಿನಿಂದ ಬರುತ್ತಿದೆಯೋ ಕೆಳಗಿನಿಂದಲೋ ಎಂಬ ಸಂಶಯವಿದ್ದರೆ, ಎರಡು ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಒಣಗಿದ ಕಲ್ಲಿನ ಮೇಲೆ ಹರಡಿ, ನಾಲ್ಕೂ ಅಂಚುಗಳನ್ನು ಟೇಪಿನಿಂದ ಅಂಟಿಸಿ 24 ಗಂಟೆ ಬಿಡಬೇಕು. ಹಾಳೆಯ ಒಳಮೈಯಲ್ಲಿ ನೀರ ಹನಿಗಳು ಕಂಡರೆ ಅಥವಾ ಅಡಿಯ ಕಲ್ಲು ಕಪ್ಪಾಗಿದ್ದರೆ ತೇವ ಕೆಳಗಿನಿಂದ ಬರುತ್ತಿದೆ. ಆಗ ಇಳಿಜಾರನ್ನೂ ಚರಂಡಿಯನ್ನೂ ಪರಿಶೀಲಿಸಬೇಕು. ಬಯಲಿನ ಕಲ್ಲುಹಾಸಿಗೆ ಸುಮಾರು 60 ರಿಂದ 80 ಅಡಿ ಉದ್ದಕ್ಕೆ ಒಂದು ಅಡಿಯಷ್ಟಾದರೂ ಇಳಿಜಾರು ಇರಬೇಕಾಗುತ್ತದೆ. ಮಳೆ ನಿಂತ ಒಂದು ಗಂಟೆಯ ನಂತರ ಸ್ಥಳಕ್ಕೆ ಹೋದರೆ, ಅಳತೆಯ ಸಾಧನವಿಲ್ಲದೆಯೇ ನೀರು ಎಲ್ಲೆಲ್ಲಿ ನಿಂತಿದೆ ಎಂಬುದು ಗೊತ್ತಾಗುತ್ತದೆ.

ಕಂದು ಮತ್ತು ತುಕ್ಕು

ಕಂದು ಚುಕ್ಕೆಗಳಿಗೆ ಮೂಲ ಹಲವು. ಕಲ್ಲಿನೊಳಗೇ ಇರುವ ಕಬ್ಬಿಣದ ಖನಿಜವು ಮಳೆ ಗಾಳಿಗೆ ತುಕ್ಕು ಹಿಡಿಯುವುದುಂಟು. ಕಬ್ಬಿಣದ ಅಂಶ ಹೆಚ್ಚಿರುವ ಕೊಳವೆಬಾವಿ ನೀರಿನಿಂದ ಕ್ಯೂರಿಂಗ್ ಮಾಡಿದರೂ ಇಡೀ ನೆಲ ಹಳದಿಗೆ ತಿರುಗುತ್ತದೆ. ಆದರೆ ಸಣ್ಣ ಸಣ್ಣ ಚುಕ್ಕೆಗಳು ಒಂದೇ ಮೂಲೆಯಲ್ಲಿ, ಅದರಲ್ಲೂ ಗೇಟು ಅಥವಾ ಕಂಬಿಯ ಬಳಿ ಕಂಡುಬಂದರೆ ಕಲ್ಲನ್ನು ಶಂಕಿಸುವ ಮೊದಲು, ಕಲ್ಲು ಹಾಸಿದ ಮೇಲೆ ಅಲ್ಲಿ ವೆಲ್ಡಿಂಗ್ ನಡೆದಿತ್ತೇ ಎಂದು ವಿಚಾರಿಸಬೇಕು. ಗ್ರೈಂಡರಿನಿಂದ ಹಾರಿದ ಕಬ್ಬಿಣದ ಕಿಡಿಗಳು ಕಲ್ಲಿನಲ್ಲಿ ನೆಟ್ಟು ಮೊದಲ ಮಳೆಗೆ ತುಕ್ಕಾಗುತ್ತವೆ. ಬಿದ್ದಿರುವ ಬೈಂಡಿಂಗ್ ವೈರಿನ ತುಂಡು, ತಗಡು, ಮೊಳೆಗಳೂ ಇದೇ ಗುರುತು ಬಿಡುತ್ತವೆ.

ಇನ್ನೊಂದು ಮೂಲವನ್ನು ಯಾರೂ ಊಹಿಸುವುದಿಲ್ಲ. ಕ್ಯೂರಿಂಗಿಗೆಂದು ಹೊದಿಸಿದ ಒದ್ದೆ ಗೋಣಿತಾಟು, ಭತ್ತದ ಹುಲ್ಲು, ಮೇಲಿನ ಮರದಿಂದ ಉದುರಿ ನೆನೆದ ಎಲೆ ಇವೆಲ್ಲವೂ ಚಹಾದಂತಹ ಕಂದು ರಸವನ್ನು ಬಿಡುತ್ತವೆ, ಹೊಸ ಕಲ್ಲು ಅದನ್ನು ಹೀರಿಕೊಳ್ಳುತ್ತದೆ. ತಾಟಿನ ನೇಯ್ಗೆಯ ಗೆರೆ ಕಲ್ಲಿನ ಮೇಲೆ ಕಾಣುತ್ತಿದ್ದರೆ ಕಾರಣಕ್ಕೆ ಬೇರೆ ಸಾಕ್ಷಿ ಬೇಡ. ಈ ಬಗೆಯ ಕಲೆ ಬಿಸಿಲಿಗೆ ಬಹಳ ಮಟ್ಟಿಗೆ ಮಾಸುತ್ತದೆ. ತುಕ್ಕಿನ ಕಲೆ ಬಿಸಿಲಿಗೆ ಮಾಸುವುದಿಲ್ಲ.

ತುಕ್ಕು ತೆಗೆಯಲು ಗ್ರಾನೈಟಿನ ಮೇಲೆ ಆಕ್ಸಾಲಿಕ್ ಆಮ್ಲದ ತಿಳಿ ದ್ರಾವಣ ಬಳಕೆಯಲ್ಲಿದೆ. ಅದು ವಿಷಕಾರಿಯಾದುದರಿಂದ ಕೈಗವಸು ಮತ್ತು ಕನ್ನಡಕವಿಲ್ಲದೆ ಮುಟ್ಟಬಾರದು, ಅನುಭವಸ್ಥರಿಂದಲೇ ಮಾಡಿಸಬೇಕು. ಸುಣ್ಣಕಲ್ಲಿಗೆ ಅದು ಸಲ್ಲದು. ಸುಣ್ಣಕಲ್ಲಿನ ತುಕ್ಕಿಗೆ ಸೋಡಿಯಂ ಸಿಟ್ರೇಟ್ ಒಂದು ಭಾಗ, ಉಗುರುಬೆಚ್ಚಗಿನ ನೀರು ಆರು ಭಾಗ ಬೆರೆಸಿ, ಗ್ಲಿಸರಿನ್ ಸೇರಿಸಿ, ಸೀಮೆಸುಣ್ಣದ ಪುಡಿಯೊಡನೆ ಕಲಸಿದ ಲೇಪವನ್ನು ಹಚ್ಚಿ ಒಣಗಲು ಬಿಡುವ ಪದ್ಧತಿ ಹಳೆಯದು. ಲೇಪ ಒಣಗುತ್ತ ಕಲೆಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಒಂದೆರಡು ಬಾರಿ ಮಾಡಬೇಕಾಗಬಹುದು.

ಎಣ್ಣೆಗೂ ಲೇಪದ ತತ್ತ್ವವೇ. ದೀಪದ ಎಣ್ಣೆ, ಟ್ರ್ಯಾಕ್ಟರಿನ ಎಣ್ಣೆ, ಜಾತ್ರೆಯ ದಿನ ಬಾಣಲೆಯಿಂದ ಚೆಲ್ಲಿದ ಎಣ್ಣೆಯನ್ನು ಉಜ್ಜಿದಷ್ಟೂ ಅದು ಹರಡುತ್ತದೆ. ವಾಷಿಂಗ್ ಸೋಡಾದ ನೀರಿನಲ್ಲಿ ಸೀಮೆಸುಣ್ಣದ ಪುಡಿಯನ್ನು ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಅರ್ಧ ಅಂಗುಲ ದಪ್ಪ ಬಳಿದು, ಒಂದು ದಿನ ಪ್ಲಾಸ್ಟಿಕ್ ಹೊದಿಸಿಟ್ಟು, ಬಳಿಕ ತೆರೆದು ಒಣಗಿಸಿ ಮರದ ಚಕ್ಕೆಯಿಂದ ಕೆರೆದು ತೆಗೆಯಬೇಕು. ಯಾವ ಲೇಪವನ್ನಾದರೂ ಮೊದಲು ಕಣ್ಣಿಗೆ ಬೀಳದ ಮೂಲೆಯ ಒಂದು ಕಲ್ಲಿನ ಮೇಲೆ ಪ್ರಯೋಗಿಸಿ, ಒಣಗಿದ ನಂತರದ ಬಣ್ಣ ನೋಡಿ ಮುಂದುವರಿಯುವುದು. ತೊಳೆದ ನೀರು ಕುಡಿಯುವ ನೀರಿನ ಬಾವಿಯ ಕಡೆಗೂ, ಕೊಳವೆಬಾವಿಯ ಇಂಗುಗುಂಡಿಗೂ ಹರಿಯಬಾರದು.

ಉದ್ಘಾಟನೆಯ ಮರುದಿನದ ಕೆಂಪು

ಪೂಜೆ ಮಾಡಿ ಅರಿಶಿನದ ನೀರು ಚಿಮುಕಿಸಿದ ಮರುದಿನ ಕಲ್ಲಿನ ಸಂದುಗಳಲ್ಲಿ ಕೆಂಪು ಕಲೆ ಮೂಡಿ, ಅಪಶಕುನವೆಂಬ ಮಾತು ಹುಟ್ಟುವುದುಂಟು. ಮದುವೆಯ ಓಕುಳಿಯನ್ನು ಕಲಸಿದ ಪ್ರತಿಯೊಬ್ಬರಿಗೂ ಇದರ ಕಾರಣ ಗೊತ್ತು: ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪು. ಹೊಸ ಗಾರೆಯಲ್ಲಿ ಸುಣ್ಣ ಇನ್ನೂ ಹಸಿಯಾಗಿರುವುದರಿಂದ ಅದೇ ಕ್ರಿಯೆ ನೆಲದ ಮೇಲೆ ನಡೆದಿದೆ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಕೆಲವು ದಿನಗಳ ಬಿಸಿಲೇ ಇದಕ್ಕೆ ಸಾಕು. ಸೋಪಿನಿಂದ ಉಜ್ಜಿದರೆ ಕೆಂಪು ಇನ್ನೂ ಹೆಚ್ಚುತ್ತದೆ, ಏಕೆಂದರೆ ಸೋಪೂ ಕ್ಷಾರವೇ. ಕುಂಕುಮ ಮತ್ತು ಎಲೆಅಡಿಕೆಯ ಕಲೆಗಳು ಹೆಚ್ಚು ಹಟಮಾರಿ; ಅವನ್ನು ಒಣಗುವ ಮೊದಲೇ ತೊಳೆಯಬೇಕು.

ಬಿಲ್ಲು, ಅಳತೆ ಪುಸ್ತಕ ಮತ್ತು ಹೊಣೆ

ಸದಸ್ಯರ ಪಾತ್ರ ನಿರ್ಣಾಯಕವಾಗುವುದು ಇಲ್ಲಿ. ಬಿಳಿ ಪುಡಿಯನ್ನು ಕಂಡು ಇಡೀ ಬಿಲ್ಲನ್ನು ತಡೆಹಿಡಿದರೆ, ತಪ್ಪಿಲ್ಲದ ಕೆಲಸಕ್ಕೆ ಕೂಲಿಯವರ ಸಂಬಳ ನಿಲ್ಲುತ್ತದೆ. ಅಂತೆಯೇ ದುಂಡು ಮಚ್ಚೆಗಳನ್ನು ಕಲ್ಲಿನ ಸ್ವಭಾವವೆಂದು ನಂಬಿ ಅಂತಿಮ ಬಿಲ್ಲು ಪಾವತಿಸಿದರೆ, ಟೊಳ್ಳು ತಳದ ಕಲ್ಲುಗಳನ್ನು ಮತ್ತೆ ಹಾಸುವ ವೆಚ್ಚ ಪಂಚಾಯಿತಿಯ ತಲೆಗೆ ಬರುತ್ತದೆ. ಇವೆರಡನ್ನೂ ಬೇರ್ಪಡಿಸಿ ಹೇಳುವ ಅಧಿಕಾರ ಅಭಿಯಂತರರದ್ದು. ಬೇರ್ಪಡಿಸಿ ಬರೆಯಬೇಕೆಂದು ಕೇಳುವ ಹಕ್ಕು ಸದಸ್ಯರದ್ದು.

ಆದುದರಿಂದ ಕಲೆ ಕಂಡ ವಾರದಲ್ಲಿಯೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಮೂಲಕ ಅಭಿಯಂತರರಿಗೆ ಲಿಖಿತವಾಗಿ ತಿಳಿಸಿ, ಗುತ್ತಿಗೆದಾರನ ಸಮ್ಮುಖದಲ್ಲಿ ಜಂಟಿ ಪರಿಶೀಲನೆ ನಡೆಸುವುದು ಉಚಿತ. ಎಷ್ಟು ಕಲ್ಲುಗಳು, ಎಲ್ಲಿ, ಯಾವ ಬಗೆಯ ಕಲೆ, ತಟ್ಟಿದಾಗ ಟೊಳ್ಳೇ ಗಟ್ಟಿಯೇ ಎಂಬುದನ್ನು ಸ್ಥಳದಲ್ಲಿಯೇ ಬರೆದು ಎಲ್ಲರ ಸಹಿ ಪಡೆಯಬೇಕು. ಕಾಯುವುದೇ ಮದ್ದಾದ ಕಲೆಗೆ ಕಾಯುವ ಅವಧಿಯನ್ನೂ, ಮರುಪರಿಶೀಲನೆಯ ದಿನಾಂಕವನ್ನೂ ನಮೂದಿಸಬೇಕು. ಆ ದಿನಾಂಕವು ಕರಾರು ಪತ್ರದ ದೋಷ ಹೊಣೆಗಾರಿಕೆ ಅವಧಿಯ ಒಳಗೇ ಬರುವಂತೆ, ಭದ್ರತಾ ಠೇವಣಿ ಮರುಪಾವತಿಯಾಗುವ ಮೊದಲೇ ಬರುವಂತೆ ನೋಡಿಕೊಳ್ಳುವುದು ಮುಖ್ಯ. ಬಾಯಿಮಾತಿನಲ್ಲಿ ಉಳಿದ ದೂರಿಗೆ ಅವಧಿ ಮುಗಿದ ಮೇಲೆ ಬೆಲೆಯಿಲ್ಲ.

ಮುಂದಿನ ಕಾಮಗಾರಿಗಳಿಗೆ ಸಂಬಂಧಿಸಿದಂತೆ, ಕೆಲಸ ಆರಂಭವಾಗುವ ಮೊದಲೇ ಕೆಲವು ಸಂಗತಿಗಳನ್ನು ಅಂದಾಜು ಪಟ್ಟಿಯಲ್ಲಿಯೂ ಕರಾರಿನಲ್ಲಿಯೂ ಸೇರಿಸುವಂತೆ ಕೇಳಬಹುದು. ಕಲ್ಲಿನ ಹೆಸರನ್ನು ಬರೀ "ಹಾಸುಗಲ್ಲು" ಎಂದು ಬರೆಯದೆ ಜಾತಿ ಮತ್ತು ದಪ್ಪದೊಡನೆ ಬರೆಯಬೇಕು. ಒಪ್ಪಿದ ಕಲ್ಲಿನ ಮಾದರಿ ತುಂಡೊಂದನ್ನು ಸಹಿ ಮಾಡಿಸಿ ಕಚೇರಿಯಲ್ಲಿ ಇಡಬೇಕು. ಗಾರೆಗೆ ಬಳಸುವ ನೀರನ್ನು ಪರೀಕ್ಷಿಸಬೇಕು. ಭಾರತೀಯ ಮಾನಕ 456:2000ರ ಪ್ರಕಾರ ಕಾಂಕ್ರೀಟಿನ ನೀರಿನಲ್ಲಿ ಸಲ್ಫೇಟ್ ಒಂದು ಲೀಟರಿಗೆ 400 ಮಿಲಿಗ್ರಾಂ ಮೀರಬಾರದು, ನೀರಿನ ಪಿಎಚ್ ಮೌಲ್ಯ 6ಕ್ಕಿಂತ ಕಡಿಮೆ ಇರಬಾರದು. ಕಲ್ಲುಹಾಸಿನ ಗಾರೆಗೂ ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ತಪ್ಪಿಲ್ಲ. ಮರಳು ಮಣ್ಣು ಮಿಶ್ರಿತವಾಗಿರಬಾರದು. ಗೇಟು, ಕಂಬಿ, ಶೆಡ್ಡುಗಳ ವೆಲ್ಡಿಂಗ್ ಕೆಲಸ ಕಲ್ಲು ಹಾಸುವ ಮೊದಲೇ ಮುಗಿಯಬೇಕು. ಸಂದು ತುಂಬಿದ ದಿನವೇ ಬಗ್ಗಡವನ್ನು ಒದ್ದೆ ಸ್ಪಂಜಿನಿಂದ ಒರೆಸಿ ತೆಗೆಯಬೇಕು. ಮರುದಿನ ಹತ್ತು ಜನ ಉಜ್ಜಿದರೂ ಆ ಕೆಲಸ ಆಗದು.

ಎಲ್ಲಕ್ಕಿಂತ ಅಗ್ಗದ ಮುನ್ನೆಚ್ಚರಿಕೆಯೊಂದಿದೆ. ಇಡೀ ಬಯಲಿಗೆ ಹಾಸುವ ಮೊದಲು, ಅದೇ ಗಾರೆ, ಅದೇ ನೀರು, ಅದೇ ಮೇಸ್ತ್ರಿಯ ಕೈಯಲ್ಲಿ ಹತ್ತು ಅಡಿ ಚದರದ ಒಂದು ಮಾದರಿ ತುಂಡನ್ನು ಹಾಸಿಸಿ, ಎರಡು ವಾರ ಬಿಟ್ಟು ನೋಡುವುದು. ಬರಬಹುದಾದ ಕಲೆಗಳಲ್ಲಿ ಹಲವು ಅಷ್ಟರೊಳಗೇ ಮುಖ ತೋರಿಸುತ್ತವೆ. ಉಳಿದ ಕಲ್ಲು ಆಗ ಲಾರಿಯಲ್ಲಿಯೋ ಗಣಿಯಲ್ಲಿಯೋ ಇರುತ್ತದೆ, ಬಿಲ್ಲು ಇನ್ನೂ ಬರೆದಿರುವುದಿಲ್ಲ.